ಹೀಟರ್ ತಣ್ಣಗಾದ ಕೂಡಲೇ ಡ್ಯಾಶ್‌ಬೋರ್ಡ್ ಬಿಚ್ಚಬೇಕಾ?

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಪತ್ರಿಕೆಯ ವಾಹನ ಪುಟದಲ್ಲಿ ಓದುಗರೊಬ್ಬರು ಕಾರಿನ ಹೀಟರ್ ಹಾಕಿದರೆ ತಣ್ಣನೆ ಗಾಳಿ ಬರುತ್ತದೆ, ಏನು ಮಾಡಲಿ ಎಂದು ಕೇಳಿದ್ದರು. ಉತ್ತರ ಒಂದೇ ಸಾಲು: ಹೀಟರ್ ಕೋರ್ ಹೋಗಿದೆ, ಬದಲಿಸಿ. ಬಾನೆಟ್ ಎತ್ತಿ ನೋಡದೆ ಇಷ್ಟು ಧೈರ್ಯವಾಗಿ ಹೇಳೋದು ಹೇಗೆ? ಎಷ್ಟೋ ಕಾರುಗಳಲ್ಲಿ ಆ ಕೋರ್ ಹೊರಗೆ ಬರಬೇಕಾದರೆ ಡ್ಯಾಶ್‌ಬೋರ್ಡನ್ನೇ ಇಳಿಸಬೇಕು, ಕೆಲವದರಲ್ಲಿ ಏಸಿ ಗ್ಯಾಸ್ ಕೂಡ ತೆಗೆಸಬೇಕು. ಅಷ್ಟೆಲ್ಲ ಬಿಚ್ಚಿ ಜೋಡಿಸಿದ ಮೇಲೆ, ತಪ್ಪು ಇದ್ದದ್ದು ಕಡಿಮೆಯಾದ ಕೂಲೆಂಟ್‌ನಲ್ಲಿ (ಎಂಜಿನ್ ತಂಪಾಗಿಡುವ ದ್ರವ, ಮುಂದೆ ನಾನು ನೀರು ಅಂದರೂ ಇದೇ) ಎಂದು ಗೊತ್ತಾದರೆ ಆ ಓದುಗರಿಗೆ ಯಾರು ಉತ್ತರ ಕೊಡುತ್ತಾರೆ?

ಪೆಟ್ರೋಲ್, ಡೀಸೆಲ್ ಕಾರಿನಲ್ಲಿ ಹೀಟರ್‌ಗೆ ಅಂತ ಬೇರೆ ಒಲೆ ಇರುವುದಿಲ್ಲ. ಎಂಜಿನ್ ಸುತ್ತಿ ಬಿಸಿಯಾದ ಕೂಲೆಂಟ್ ಡ್ಯಾಶ್‌ಬೋರ್ಡ್ ಒಳಗಿರುವ ಪುಟ್ಟ ರೇಡಿಯೇಟರ್‌ಗೆ ಬರುತ್ತದೆ, ಅದೇ ಹೀಟರ್ ಕೋರ್. ಬ್ಲೋವರ್ ಅದರ ಮೇಲೆ ಗಾಳಿ ಬೀಸುತ್ತದೆ. ಹಾಗಾಗಿ ತಣ್ಣನೆ ಗಾಳಿ ಬಂದರೆ ಇರುವುದು ಮೂರೇ ದಾರಿ. ನೀರು ಬಿಸಿಯಾಗುತ್ತಿಲ್ಲ, ಇಲ್ಲವೇ ಬಿಸಿಯಾದ ನೀರು ಕೋರ್‌ಗೆ ತಲುಪುತ್ತಿಲ್ಲ, ಇಲ್ಲವೇ ಗಾಳಿ ಕೋರ್ ಮೇಲೆ ಹಾಯುತ್ತಿಲ್ಲ. ಯಾವುದು ಅಂತ ಕಂಡುಹಿಡಿಯುವುದಕ್ಕೆ ಸ್ಪ್ಯಾನರ್ ಕೂಡ ಬೇಡ.

ಮೊದಲು ಎಂಜಿನ್ ಪೂರ್ತಿ ತಣ್ಣಗಿರುವಾಗ ಕೂಲೆಂಟ್ ಟ್ಯಾಂಕ್ ನೋಡಿ. ಬಿಸಿ ಇರುವಾಗ ಮುಚ್ಚಳ ತಿರುಗಿಸಲೇಬೇಡಿ. ಒಳಗೆ ಒತ್ತಡ ಇರುತ್ತದೆ, 100 ಡಿಗ್ರಿ ದಾಟಿದರೂ ಕುದಿಯದೆ ಕೂತಿರುವ ನೀರು ಮುಚ್ಚಳ ಸಡಿಲವಾದ ತಕ್ಷಣ ಮುಖಕ್ಕೇ ಚಿಮ್ಮುತ್ತದೆ. ಮಟ್ಟ ಕೆಳಗಿದ್ದರೆ ಅರ್ಧ ಉತ್ತರ ಸಿಕ್ಕಿತು, ಯಾಕೆಂದರೆ ಎಷ್ಟೋ ಕಾರುಗಳಲ್ಲಿ ಕೋರ್ ಎತ್ತರದಲ್ಲಿರುತ್ತದೆ, ನೀರು ಕಡಿಮೆಯಾದಾಗ ಗಾಳಿ ಹೋಗಿ ಸೇರಿಕೊಳ್ಳುವುದು ಅಲ್ಲೇ. ನಿಂತಾಗ ತಣ್ಣಗೆ, ಆಕ್ಸಿಲರೇಟರ್ ಒತ್ತಿದರೆ ಬೆಚ್ಚಗೆ ಬರುತ್ತಿದ್ದರೆ ಬಹುತೇಕ ಇದೇ ಕಥೆ, ಅಥವಾ ವಾಟರ್ ಪಂಪ್ ಸುಸ್ತಾಗಿದೆ. ಕೂಲೆಂಟ್ ತುಂಬಿದರೆ ಮುಗೀತು ಅಂದುಕೊಳ್ಳಬೇಡಿ. ಅದು ಹೋದದ್ದು ಎಲ್ಲಿಗೆ? ಕಾರಿನಡಿ ಕಲೆ ಇದೆಯಾ, ಮುಂದಿನ ಸೀಟಿನವರ ಕಾಲಡಿಯ ಕಾರ್ಪೆಟ್ ಒದ್ದೆಯಾಗಿದೆಯಾ, ಒಳಗೆ ಸಿಹಿ ವಾಸನೆ ಬರುತ್ತಿದೆಯಾ, ಮುಂದಿನ ಗಾಜಿನ ಮೇಲೆ ಜಿಡ್ಡು ಮಂಜು ಕೂರುತ್ತಿದೆಯಾ? ಕಾರ್ಪೆಟ್, ವಾಸನೆ, ಜಿಡ್ಡು ಇದ್ದರೆ ಆಗ ಕೋರ್ ಸೋರುತ್ತಿದೆ ಅನ್ನಿ, ಒಪ್ಪುತ್ತೇನೆ. ಹೊರಗೆಲ್ಲೂ ಸೋರದೆ ಕಡಿಮೆಯಾಗುತ್ತಾ ಇದ್ದು, ಸೈಲೆನ್ಸರ್‌ನಿಂದ ಬಿಳಿ ಹೊಗೆ ನಿಲ್ಲದೆ ಬಂದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಅದರ ಮೇಲಿನ ಹೆಡ್ ನಡುವಿನ ಸೀಲ್) ಪರೀಕ್ಷೆ ಮಾಡಿಸಬೇಕು. ಅದನ್ನು ಮುಂದೂಡಿದರೆ ಎಂಜಿನ್‌ಗೇ ಕುತ್ತು.

ಆಮೇಲೆ ಟೆಂಪರೇಚರ್ ಮುಳ್ಳು. ಬಹಳ ಹೊತ್ತು ಓಡಿಸಿದರೂ ಅದು ಮಾಮೂಲಿ ಜಾಗಕ್ಕೆ ಏರುತ್ತಿಲ್ಲ, ಹೆದ್ದಾರಿಗೆ ಬಂದರೆ ಇನ್ನೂ ಇಳಿಯುತ್ತದೆ ಅಂದರೆ ಥರ್ಮೋಸ್ಟಾಟ್ ತೆರೆದೇ ನಿಂತಿದೆ. ಅದು ಕೂಲೆಂಟನ್ನು ರೇಡಿಯೇಟರ್‌ಗೆ ಬಿಡುವ, ಸಾಮಾನ್ಯವಾಗಿ 80ರಿಂದ 95 ಡಿಗ್ರಿ ನಡುವೆ ತೆರೆಯಬೇಕಾದ ಬಾಗಿಲು. ಸಣ್ಣ ಬಿಡಿಭಾಗ, ಹೆಚ್ಚಿನ ಕಾರುಗಳಲ್ಲಿ ಬದಲಿಸುವುದೂ ಅಂಥ ಕಷ್ಟವಲ್ಲ. ಮುಳ್ಳು ಕೆಂಪಿನ ಕಡೆ ಹೋಗುತ್ತಿದೆ, ಆದರೂ ಹೀಟರ್ ತಣ್ಣಗಿದೆ ಅಂದರೆ ಮಾತ್ರ ಸುಮ್ನೆ ಓಡಿಸುತ್ತಾ ಹೋಗಬೇಡಿ, ಪಕ್ಕಕ್ಕೆ ನಿಲ್ಲಿಸಿ ಆಫ್ ಮಾಡಿ. ನೀರು ಖಾಲಿಯಾಗಿರಬಹುದು, ಪಂಪ್ ನಿಂತಿರಬಹುದು. ಇನ್ನೊಂದು ಮಾತು, ಸೆನ್ಸರ್ ನೀರಿನಲ್ಲಿ ಮುಳುಗಿರದಿದ್ದರೆ ಮುಳ್ಳು ಸುಳ್ಳೂ ಹೇಳುತ್ತದೆ. ಅದಕ್ಕೇ ಟ್ಯಾಂಕ್ ಮೊದಲು ನೋಡಿ ಅಂದದ್ದು.

ಇನ್ನು ನಿಮ್ಮ ಉತ್ತರದಲ್ಲಿ ಇರಲೇಬೇಕಾಗಿದ್ದ ಪರೀಕ್ಷೆ. ಎಂಜಿನ್ ಮತ್ತು ಕ್ಯಾಬಿನ್ ನಡುವಿನ ಗೋಡೆಗೆ ಎರಡು ರಬ್ಬರ್ ಪೈಪ್ ಹೋಗುತ್ತವೆ, ಒಂದು ಕೋರ್‌ಗೆ ಹೋಗುವುದು, ಇನ್ನೊಂದು ವಾಪಸ್ ಬರುವುದು. ಹೀಟರ್ ಫುಲ್ ಬಿಸಿಗೆ ಇಟ್ಟು ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಆಫ್ ಮಾಡಿ, ಗ್ಲೌಸ್ ಹಾಕಿಕೊಂಡು ಎರಡನ್ನೂ ಹಗುರವಾಗಿ ಮುಟ್ಟಿ. ರೇಡಿಯೇಟರ್ ಫ್ಯಾನ್ ಹತ್ತಿರ ಕೈ ಬೇಡ, ಎಂಜಿನ್ ನಿಂತ ಮೇಲೂ ಅದು ತಾನಾಗಿ ತಿರುಗಬಹುದು. ಎರಡೂ ಪೈಪ್ ಬಿಸಿ ಇದ್ದರೆ ಕೋರ್ ನಿರಪರಾಧಿ! ನೀರಿನ ಕಡೆ ಎಲ್ಲ ಸರಿ ಇದೆ, ತಪ್ಪು ಗಾಳಿಯ ಕಡೆ. ಬಿಸಿ ಗಾಳಿ, ತಣ್ಣನೆ ಗಾಳಿ ಬೆರೆಸುವ ಒಳಗಿನ ಬಾಗಿಲು ಸಿಕ್ಕಿಕೊಂಡಿರುತ್ತದೆ. ಹಳೆಯ ಕಾರಾದರೆ ನಾಬ್‌ನ ಕೇಬಲ್ ಕಳಚಿರಬಹುದು. ಹೊಸದಾದರೆ ಆ ಬಾಗಿಲು ತಿರುಗಿಸುವ ಸಣ್ಣ ಮೋಟರ್ ಕೆಟ್ಟಿರಬಹುದು. ಬಿಸಿ ಹೆಚ್ಚಿಸಿದಾಗೆಲ್ಲ ಡ್ಯಾಶ್‌ಬೋರ್ಡ್ ಒಳಗೆ ಟಕ ಟಕ ಅಂತ ಶಬ್ದ ಬಂದರೆ ಅದರ ಪ್ಲಾಸ್ಟಿಕ್ ಗೇರಿನ ಹಲ್ಲು ಮುರಿದಿರುವ ಸಾಧ್ಯತೆ ಜಾಸ್ತಿ. ಇದಕ್ಕೆ ಕೋರ್ ಬದಲಿಸಿ ಏನು ಪ್ರಯೋಜನ?

ಒಂದು ಬಿಸಿ, ಇನ್ನೊಂದು ತಣ್ಣಗೆ ಇದ್ದರೆ ಕೋರ್ ಒಳಗೆ ಕೆಸರು ಕಟ್ಟಿದೆ, ಅಥವಾ ಕೋರ್‌ಗೆ ನೀರು ಬಿಡುವ ಹೀಟರ್ ವಾಲ್ವ್ ಇರುವ ಕಾರಾದರೆ ಅದು ಮುಚ್ಚಿಕೊಂಡಿದೆ. ಆಗಲೂ ಬದಲಿಸುವುದು ಎರಡನೇ ಮಾತು. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಎರಡೂ ಪೈಪ್ ಕಳಚಿ, ನೀರು ಹೊರಬರುವ ಬಾಯಿಂದ ಒಳಕ್ಕೆ, ಅಂದರೆ ಉಲ್ಟಾ ದಿಕ್ಕಿನಲ್ಲಿ, ಮೆಲ್ಲಗೆ ನೀರು ಬಿಟ್ಟು ತೊಳೆದರೆ ಎಷ್ಟೋ ಸಲ ತೆರೆದುಕೊಳ್ಳುತ್ತದೆ. ಜೋರು ಒತ್ತಡ ಕೊಟ್ಟರೆ ಹಳೆಯ ಕೋರ್ ಒಡೆದೇ ಹೋಗುತ್ತದೆ. ಹೊರಬಂದ ಕೂಲೆಂಟ್ ನೆಲಕ್ಕೆ ಚೆಲ್ಲಬಾರದು, ಅದು ವಿಷ, ಸಿಹಿ ಅಂತ ನಾಯಿ ಬೆಕ್ಕು ನೆಕ್ಕುತ್ತವೆ. ಅಂದಹಾಗೆ, ಸೋರಿಕೆ ನಿಲ್ಲಿಸುವ ಪುಡಿ ಹಾಕುವವರಿದ್ದಾರೆ. ಆ ಪುಡಿ ಹೋಗಿ ಕೂರುವುದೂ ಕೋರ್‌ನ ಸಣ್ಣ ನಾಳಗಳಲ್ಲೇ. ಬೇರೆ ಬೇರೆ ಜಾತಿಯ ಕೂಲೆಂಟ್ ಬೆರೆಸುವುದೂ ಕೆಟ್ಟದ್ದೇ. ಬಣ್ಣ ನೋಡಿ ತರಬೇಡಿ, ಕಾರಿನ ಪುಸ್ತಕ ನೋಡಿ ತನ್ನಿ.

ಎರಡೂ ಪೈಪ್ ತಣ್ಣಗಿದ್ದರೆ ಮತ್ತೆ ಟ್ಯಾಂಕ್, ಪಂಪ್, ಥರ್ಮೋಸ್ಟಾಟ್ ಕಡೆಗೇ ಹೋಗಬೇಕು, ಇಲ್ಲವೇ ಏರ್ ಲಾಕ್, ಅಂದರೆ ನೀರಿನ ದಾರಿಯಲ್ಲಿ ಸಿಕ್ಕಿಕೊಂಡ ಗಾಳಿ, ತೆಗೆಯಬೇಕು. ಏರ್ ಲಾಕ್ ತೆಗೆಯುವ ಕ್ರಮ ಕಾರಿನಿಂದ ಕಾರಿಗೆ ಬೇರೆ, ಕೆಲವಕ್ಕೆ ಅದಕ್ಕೇ ಒಂದು ಸ್ಕ್ರೂ ಕೊಟ್ಟಿರುತ್ತಾರೆ. ಎಲೆಕ್ಟ್ರಿಕ್ ಕಾರಿನವರಿಗೆ ಈ ಪತ್ರ ಅಲ್ಲ. ಅಲ್ಲಿ ಬಿಸಿ ಬರುವುದು ವಿದ್ಯುತ್ ಹೀಟರ್‌ನಿಂದಲೋ ಹೀಟ್ ಪಂಪ್‌ನಿಂದಲೋ, ಹೈ ವೋಲ್ಟೇಜ್ ಇರುವ ಕಡೆ ನಾವು ಕೈ ಹಾಕಬಾರದು.

ಮುಂದಿನ ಪುಟದಲ್ಲಿ ಆ ಉತ್ತರವನ್ನು ತಿದ್ದಿ ಹಾಕಿ ಅಂತ ಕೋರಿಕೆ. ಹಾಕುವ ಮೊದಲು ಆ ಓದುಗರನ್ನು ಎರಡೇ ಪ್ರಶ್ನೆ ಕೇಳಿ: ಟ್ಯಾಂಕಿನಲ್ಲಿ ಕೂಲೆಂಟ್ ಎಷ್ಟಿದೆ, ಮುಳ್ಳು ಎಲ್ಲಿ ನಿಲ್ಲುತ್ತದೆ? ಬಿಸಿ ಮುಚ್ಚಳದ ಎಚ್ಚರಿಕೆ ಮಾತ್ರ ದಪ್ಪ ಅಕ್ಷರದಲ್ಲೇ ಬರಲಿ.

ಇಂತಿ,
ನಿಮ್ಮ ಓದುಗ