ಚೀಟಿ ಬರೆಸದೆ ಅಡ್ವಾನ್ಸ್ ಕೊಡಬೇಡ

ಚಿರಂಜೀವಿ ಪುಟ್ಟಿಗೆ,

ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು. ನಾವೆಲ್ಲ ಇಲ್ಲಿ ಕ್ಷೇಮ. ನಿನ್ನೆ ರಾತ್ರಿ ನಿನ್ನ ಫೋನ್ ಬಂದಾಗಿನಿಂದ ನನ್ನ ತಲೆಯಲ್ಲಿ ಅದೇ ಓಡುತ್ತಿದೆ. ಕಾರು ನೋಡಿದೆ, ಇಷ್ಟವಾಯಿತು, ಭಾನುವಾರ ಅಡ್ವಾನ್ಸ್ ಕೊಟ್ಟು ಬರುತ್ತೇನೆ ಮಾವ ಎಂದೆ. ಫೋನಿನಲ್ಲಿ ಹೇಳಿದ್ದು ಅರ್ಧ ಮರೆತುಹೋಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಭಾನುವಾರದ ಒಳಗೆ ಎರಡು ಸಲ ಓದು.

ಸೆಕೆಂಡ್ ಹ್ಯಾಂಡ್ ಕಾರು ಬೇಡ ಅಂತ ನಾನು ಹೇಳುವುದಿಲ್ಲ. ಒಳ್ಳೆಯ ಕಾರು ಸಿಗುತ್ತದೆ, ನೇರವಾಗಿ ವ್ಯವಹಾರ ಮಾಡುವವರೂ ಇದ್ದಾರೆ. ನನ್ನ ಚಿಂತೆ ಆ ಮುಂಗಡದ್ದು. ಕಾರಿನ ಪೂರ್ತಿ ಹಣ ಕೊಡುವಾಗ ಎಲ್ಲರೂ ಹತ್ತು ಸಲ ಯೋಚಿಸುತ್ತಾರೆ. ಮುಂಗಡ ಸಣ್ಣ ಮೊತ್ತ ಅಲ್ವಾ, ಅದನ್ನು ಜೇಬಿನಿಂದ ಸುಮ್ನೆ ತೆಗೆದು ಕೊಟ್ಟುಬಿಡುತ್ತಾರೆ. ನಾನೂ ಹಾಗೇ ಕೊಟ್ಟಿದ್ದೆ.

ನೀನಾಗ ಇನ್ನೂ ಚಿಕ್ಕವಳು, ನಿನಗೆ ನೆನಪಿರಲಾರದು. ಒಂದು ಬಿಳಿ ಕಾರು ನೋಡಲು ಹೋಗಿದ್ದೆ. ಒಳಗೆ ಕೂತರೆ ಘಮ ಘಮ ಸೆಂಟಿನ ವಾಸನೆ. ಸೀಟಿಗೆ ಹೊಸ ಕವರ್, ಕಾಲಡಿಗೆ ಹೊಸ ಮ್ಯಾಟ್. ಒಂದು ಸುತ್ತು ಓಡಿಸಿ ನೋಡಿದೆ, ಚೆನ್ನಾಗಿಯೇ ಓಡಿತು. ಸಂಜೆ ಇನ್ನೊಬ್ಬರು ಬರುತ್ತಾರೆ, ನೀವು ಕೈ ಬಿಟ್ಟರೆ ಅವರಿಗೆ ಕೊಟ್ಟುಬಿಡುತ್ತೇನೆ ಎಂದ ಮಾರುವವನು. ಅಲ್ಲೇ ನಗದು ಎಣಿಸಿ ಕೊಟ್ಟೆ. ಆತ ನೋಟ್‌ಬುಕ್ಕಿನ ಹಾಳೆ ಹರಿದು, "ಕಾರಿನ ಬಾಬ್ತು ಮುಂಗಡ ಪಡೆದಿದ್ದೇನೆ" ಎಂದು ಒಂದು ಸಾಲು ಬರೆದು ಸಹಿ ಹಾಕಿ ಕೊಟ್ಟ. ಅಷ್ಟೇ.

ಎರಡು ದಿನ ಬಿಟ್ಟು ನಮ್ಮ ಪರಿಚಯದ ಮೆಕ್ಯಾನಿಕ್ ಒಬ್ಬರನ್ನು ಕರೆದುಕೊಂಡು ಹೋದೆ. ಅವರು ಇಂಜಿನ್ ಮುಟ್ಟಲೇ ಇಲ್ಲ. ಹಿಂದಿನ ಸೀಟಿನ ಬೆಲ್ಟನ್ನು ಮೆಲ್ಲಗೆ ಕೊನೆಯವರೆಗೂ ಎಳೆದರು. ಒಳಗೆ ಸುತ್ತಿಕೊಂಡಿದ್ದ ಕೊನೆಯ ಒಂದು ಗೇಣು ಪಟ್ಟಿ ಮಣ್ಣಿನ ಬಣ್ಣಕ್ಕೆ ತಿರುಗಿತ್ತು, ನಡುವೆ ಗೆರೆ ಎಳೆದ ಹಾಗೆ ಕಲೆ. ಉಗುರಿನಿಂದ ಕೆರೆದರೆ ಸಣ್ಣ ಕೆಸರಿನ ಪುಡಿ ಉದುರಿತು. ಆಮೇಲೆ ಮ್ಯಾಟ್ ಎತ್ತಿ ಸೀಟಿನ ಬೋಲ್ಟು ತೋರಿಸಿದರು, ಪೂರ್ತಿ ತುಕ್ಕು. "ನೀರಿನಲ್ಲಿ ಮುಳುಗಿದ ಕಾರು ಸಾರ್ ಇದು" ಎಂದರು.

ಹಣ ವಾಪಸ್ ಕೊಡಿ ಎಂದೆ. ವಾಪಸ್ ಕೊಡುತ್ತೇನೆ ಅಂತ ಚೀಟಿಯಲ್ಲಿ ಎಲ್ಲಿ ಬರೆದಿದೆ ಎಂದು ಕೇಳಿದ ಆತ. ನಿಜವಾಗಿಯೂ ಬರೆದಿರಲಿಲ್ಲ. ಯಾವ ಕಾರು ಎಂದೂ ಬರೆದಿರಲಿಲ್ಲ. ಇನ್ನೂ ಕೆದಕಿದರೆ, ನೋಂದಣಿ ಪತ್ರದಲ್ಲಿದ್ದ ಹೆಸರು ಆತನದಲ್ಲ, ಆತನ ಭಾವನದು. ನಾನು ಹಣ ಕೊಟ್ಟದ್ದು ಕಾರಿನ ಮಾಲೀಕನೇ ಅಲ್ಲದವನಿಗೆ. ಆ ದುಡ್ಡು ಬರಲಿಲ್ಲ ಪುಟ್ಟಿ. ಆ ದಿನ ಮನೆಗೆ ಬಂದು ನಿನ್ನ ಅತ್ತೆಗೆ ಹೇಳುವಾಗ ನನಗಾದ ಸಂಕಟ ನಿನಗೆ ಆಗಬಾರದು.

ಒಂದು ವಿಷಯ ಆಮೇಲೆ ನನಗೆ ಹೊಳೆಯಿತು. ಮುಂಗಡ ಕೊಟ್ಟ ಮೇಲೆ ನಮ್ಮ ಕಣ್ಣೇ ಬದಲಾಗುತ್ತದೆ. ಕೊಡುವವರೆಗೂ ಕಾರಿನಲ್ಲಿ ಏನು ದೋಷ ಇದೆ ಎಂದು ಹುಡುಕುತ್ತೇವೆ. ಕೊಟ್ಟ ಮೇಲೆ ದೋಷ ಕಂಡರೂ, ಇರಲಿ ಬಿಡು, ರಿಪೇರಿ ಮಾಡಿಸಿದರಾಯಿತು ಎನ್ನುತ್ತೇವೆ. ಮುಂಗಡ ದೊಡ್ಡದಾದಷ್ಟೂ ಈ ಬುದ್ಧಿ ಜಾಸ್ತಿ. ಅದಕ್ಕೇ ಹೇಳುತ್ತೇನೆ, ಎಷ್ಟೇ ಒತ್ತಾಯ ಮಾಡಿದರೂ ಮುಂಗಡ ಚಿಕ್ಕದಿರಲಿ. ಕಾರನ್ನು ಕೆಲವು ದಿನ ನಿನಗಾಗಿ ಇಟ್ಟುಕೊಳ್ಳಲು ಎಷ್ಟು ಬೇಕೋ ಅಷ್ಟೇ. ಹೋದರೂ ನಿನ್ನ ತಿಂಗಳು ಏರುಪೇರಾಗಬಾರದು.

ಮೊದಲು ಮೆಕ್ಯಾನಿಕ್, ಆಮೇಲೆ ಮುಂಗಡ. ಆಗುವುದಾದರೆ ಇದೇ ಎಲ್ಲಕ್ಕಿಂತ ಒಳ್ಳೆಯದು. ಮುಂಗಡವಿಲ್ಲದೆ ಕಾರನ್ನು ಮೆಕ್ಯಾನಿಕ್ ಹತ್ತಿರ ಬಿಡುವುದಿಲ್ಲ ಎಂದು ಆತ ಹೇಳಿದರೆ ಮಾತ್ರ, ಷರತ್ತು ಬರೆಸಿಕೊಂಡು ಕೊಡು. ಆ ಬರಹ ಹೇಗಿರಬೇಕು ಎಂದು ಇಲ್ಲೇ ಬರೆದಿದ್ದೇನೆ, ನೋಡು:

"ಇಂಥ ತಾರೀಖಿನಂದು, ಇಂಥ ನೋಂದಣಿ ನಂಬರ್ ಮತ್ತು ಇಂಥ ಚಾಸಿ ನಂಬರಿನ ಕಾರಿಗೆ ಒಟ್ಟು ಬೆಲೆ ಇಷ್ಟು ಎಂದು ಮಾತಾಗಿದೆ. ಅದರಲ್ಲಿ ಇಷ್ಟನ್ನು ಮುಂಗಡವಾಗಿ ಬ್ಯಾಂಕ್ ಖಾತೆಯ ಮೂಲಕ ಪಡೆದಿದ್ದೇನೆ. ಇದನ್ನು ಒಟ್ಟು ಬೆಲೆಯಲ್ಲಿ ಮುರಿದುಕೊಳ್ಳತಕ್ಕದ್ದು. ಇಂಥ ತಾರೀಖಿನವರೆಗೆ ಕಾರನ್ನು ಬೇರೆ ಯಾರಿಗೂ ಮಾರುವುದಿಲ್ಲ. ಕೊಳ್ಳುವವರ ಮೆಕ್ಯಾನಿಕ್ ಪರೀಕ್ಷೆಯಲ್ಲಿ ಕಾರು ಒಪ್ಪಿಗೆಯಾಗದಿದ್ದರೆ, ಕಾರಿನ ಮೇಲೆ ತೀರದ ಸಾಲ ಕಂಡುಬಂದರೆ, ಅಥವಾ ನನ್ನ ಕಡೆಯಿಂದ ಹೆಸರು ವರ್ಗಾವಣೆ ಆಗದೆ ಹೋದರೆ, ಪೂರ್ತಿ ಮುಂಗಡವನ್ನು 3 ದಿನದೊಳಗೆ ಹಿಂದಿರುಗಿಸುತ್ತೇನೆ."

ಕೆಳಗೆ ಇಬ್ಬರ ಹೆಸರು, ವಿಳಾಸ, ಸಹಿ. ಎರಡು ಪ್ರತಿ, ಒಂದು ನಿನ್ನ ಕೈಯಲ್ಲಿ. ಸಾಲ ತೆಗೆದು ಕೊಳ್ಳುವುದಾದರೆ, ಬ್ಯಾಂಕ್ ಸಾಲ ಮಂಜೂರಾಗದಿದ್ದರೂ ಮುಂಗಡ ವಾಪಸ್ ಎಂಬ ಮಾತನ್ನೂ ಸೇರಿಸು. ಇದನ್ನು ಬಹಳ ಜನ ಮರೆಯುತ್ತಾರೆ.

ಒಂದು ಕಡೆ ಮಾತ್ರ ನೀನೂ ನ್ಯಾಯವಾಗಿರಬೇಕು. ಕಾರಿನಲ್ಲಿ ಏನೂ ದೋಷವಿಲ್ಲ, ನಿನಗೇ ಸುಮ್ನೆ ಮನಸ್ಸು ಬದಲಾಯಿತು ಎಂದಿಟ್ಟುಕೋ. ಆತ ನಿನ್ನನ್ನು ನಂಬಿ ಬೇರೆಯವರನ್ನು ವಾಪಸ್ ಕಳಿಸಿರುತ್ತಾನೆ. ಆಗ ಮುಂಗಡ ಬಿಟ್ಟುಕೊಡಬೇಕಾಗಿ ಬಂದರೆ ಅದನ್ನು ಮೋಸ ಎನ್ನಬಾರದು. ಮುಂಗಡ ಇರುವುದೇ ಅದಕ್ಕೆ. ಎಷ್ಟು ಬಿಡಬೇಕು, ಎಷ್ಟು ವಾಪಸ್ ಬರಬೇಕು ಅನ್ನುವುದನ್ನೂ ಮೊದಲೇ ಬರೆದುಕೊಂಡರೆ ಜಗಳವೇ ಇರುವುದಿಲ್ಲ.

ಚಾಸಿ ನಂಬರ್ ಯಾಕೆ ಬೇಕು ಎನ್ನುತ್ತೀಯಾ? ನಂಬರ್ ಪ್ಲೇಟನ್ನು ಕಿತ್ತು ಬದಲಾಯಿಸಬಹುದು. ಚಾಸಿ ನಂಬರ್ ಕಾರಿನ ಮೈಮೇಲೇ ಕೊರೆದಿರುತ್ತದೆ. ಈಗಿನ ಕಾರುಗಳಲ್ಲಿ ಅಕ್ಷರ, ಅಂಕಿ ಸೇರಿ ಅದು 17 ಇರುತ್ತದೆ. ಮುಂದಿನ ಗಾಜಿನ ಕೆಳಮೂಲೆಯಲ್ಲಿ, ಬಾಗಿಲಿನ ಕಂಬದ ಮೇಲೆ, ಇಂಜಿನ್ ಕೋಣೆಯಲ್ಲಿ ಹುಡುಕು. ಒಂದೊಂದು ಕಂಪನಿ ಒಂದೊಂದು ಕಡೆ ಹಾಕುತ್ತದೆ. ಸಿಕ್ಕಿದ ಕಡೆಯೆಲ್ಲ ಮೊಬೈಲ್‌ನಲ್ಲಿ ಫೋಟೋ ತೆಗೆದು, ನೋಂದಣಿ ಪತ್ರದ ಜೊತೆ ಒಂದೊಂದೇ ಅಕ್ಷರ ಬೆರಳಿಟ್ಟು ಹೊಂದಿಸು. ಆ 17ರಲ್ಲಿ ಐ, ಓ, ಕ್ಯೂ ಎಂಬ ಇಂಗ್ಲಿಷ್ ಅಕ್ಷರಗಳು ಬರುವುದೇ ಇಲ್ಲ. 1 ಮತ್ತು 0 ಜೊತೆ ಕಲಸಿಹೋಗಬಾರದು ಅಂತ ಅವನ್ನು ಬಿಟ್ಟಿದ್ದಾರೆ. ಅಂಥ ಅಕ್ಷರ ಕಂಡರೆ, ಅಥವಾ ಕೊರೆದ ಜಾಗದಲ್ಲಿ ಉಜ್ಜಿದ ಗುರುತು, ಹೊಸ ಬಣ್ಣ ಕಂಡರೆ, ಹಣ ಕೊಡದೆ ಎದ್ದು ಬಾ. ಕಾರಣ ಹೇಳಲೂ ಹೋಗಬೇಡ.

ಹಣ ಯಾರಿಗೆ ಹೋಗುತ್ತದೆ ಎಂಬುದನ್ನೂ ಗಟ್ಟಿಯಾಗಿ ನೋಡು. ನೋಂದಣಿ ಪತ್ರದಲ್ಲಿ ಇರುವ ಹೆಸರು, ಆತನ ಗುರುತಿನ ಚೀಟಿಯ ಹೆಸರು, ಬ್ಯಾಂಕ್ ಖಾತೆಯ ಹೆಸರು, ಮೂರೂ ಒಂದೇ ಆಗಿರಬೇಕು. ತಮ್ಮನ ಖಾತೆಗೆ ಹಾಕಿ, ಗೆಳೆಯನ ನಂಬರಿಗೆ ಕಳಿಸಿ ಎಂದರೆ ಬೇಡ. ಡೀಲರ್ ಹತ್ತಿರ ಕೊಳ್ಳುವುದಾದರೆ ಹಣ ಅಂಗಡಿಯ ಖಾತೆಗೆ ಹೋಗಬೇಕು. ಸೇಲ್ಸ್ ಹುಡುಗ ಎಷ್ಟೇ ಒಳ್ಳೆಯವನಿರಲಿ, ಅವನ ಸ್ವಂತ ಖಾತೆಗೆ ಹಾಕಬೇಡ. ಅಲ್ಲಿ ಅಚ್ಚಾದ ಬುಕಿಂಗ್ ಫಾರಂ ಕೊಡುತ್ತಾರೆ. ಅದನ್ನು ತಿರುಗಿಸಿ ಹಿಂಬದಿ ಓದು. ಮುಂಗಡ ವಾಪಸ್ ಇಲ್ಲ ಎಂಬ ಸಾಲು ಸಣ್ಣ ಅಕ್ಷರದಲ್ಲಿ ಅಲ್ಲೇ ಅಡಗಿರುತ್ತದೆ. ಇದ್ದರೆ ಅದನ್ನು ಹೊಡೆದು ಹಾಕಿ, ಪಕ್ಕದಲ್ಲಿ ಇಬ್ಬರೂ ಸಹಿ ಮಾಡಿ. ಒಪ್ಪದಿದ್ದರೆ ನಿನ್ನ ಮುಂಗಡ ನಿನ್ನ ಹತ್ತಿರವೇ ಇರಲಿ.

ನಗದು ಕೊಡಲೇಬೇಡ. ಡೀಲರ್ ಆದರೆ ಕ್ರೆಡಿಟ್ ಕಾರ್ಡಿನಲ್ಲಿ ಕೊಡಲು ಆಗುತ್ತದಾ ಕೇಳು. ಹೇಳಿದ ಹಾಗೆ ಕಾರು ಕೊಡದಿದ್ದರೆ, ಕಾರ್ಡ್ ಕೊಟ್ಟ ಬ್ಯಾಂಕಿನಲ್ಲಿ ತಕರಾರು ಹಾಕಿ ಹಣ ವಾಪಸ್ ಕೇಳುವ ದಾರಿ ಇರುತ್ತದೆ. ಖಾತೆಯಿಂದ ಖಾತೆಗೆ ಕಳಿಸಿದ್ದು ಒಮ್ಮೆ ಹೋಯಿತೆಂದರೆ ಎಳೆದು ತರುವುದು ಕಷ್ಟ. ಆದರೂ ಯಾರಿಗೆ, ಯಾವಾಗ, ಎಷ್ಟು ಎಂಬ ದಾಖಲೆಯಾದರೂ ಉಳಿಯುತ್ತದೆ. ಕಳಿಸುವಾಗ ವಿವರದ ಜಾಗದಲ್ಲಿ ಕಾರಿನ ನಂಬರ್ ಮತ್ತು ಮುಂಗಡ ಎಂದು ಬರೆ.

ನೀನು ನೋಡಿದ ಕಾರಿನ ಮೇಲೆ ಸಾಲ ಇರಬಹುದು ಎಂದೆಯಲ್ಲ, ಅದು ತಪ್ಪಲ್ಲ. ಎಷ್ಟೋ ಜನ ಸಾಲ ಇರುವಾಗಲೇ ಮಾರುತ್ತಾರೆ. ಆದರೆ ನಿಮ್ಮ ಮುಂಗಡದಲ್ಲಿ ಸಾಲ ತೀರಿಸುತ್ತೇನೆ ಎಂಬ ಬಾಯಿಮಾತು ನಂಬಬೇಡ. ಎಷ್ಟು ಬಾಕಿ ಎಂದು ಸಾಲ ಕೊಟ್ಟವರಿಂದಲೇ ಬರಹದಲ್ಲಿ ತರಿಸು. ಬಾಕಿ ಹಣವನ್ನು ನೇರವಾಗಿ ಅವರಿಗೇ ಕಟ್ಟು, ಉಳಿದದ್ದು ಮಾಲೀಕನಿಗೆ. ಸಾಲ ತೀರಿದೆ ಎಂಬ ಪತ್ರ ಕೈಗೆ ಬರುವವರೆಗೂ ಪೂರ್ತಿ ಹಣ ಬಿಚ್ಚಬೇಡ.

ಇಂಟರ್ನೆಟ್ಟಿನಲ್ಲಿ ಬರೀ ಫೋಟೋ ನೋಡಿ ಮುಂಗಡ ಕಳಿಸುವ ಮಾತೇ ಬೇಡ. ನಾನು ದೂರದ ಊರಿನಲ್ಲಿ ಇದ್ದೇನೆ, ಕಾರು ಕಳಿಸಿಕೊಡುತ್ತೇನೆ, ನಂಬಿಕೆಗೆ ಸ್ವಲ್ಪ ಹಾಕಿ ಎನ್ನುವವರು ಇರುತ್ತಾರೆ. ಬೆಲೆ ಬೇರೆಲ್ಲ ಕಡೆಗಿಂತ ತೀರಾ ಕಡಿಮೆ ಹೇಳಿರುತ್ತಾರೆ. ಅಲ್ಲಿ ಬಹಳ ಸಲ ಕಾರೇ ಇರುವುದಿಲ್ಲ.

ಇಷ್ಟೆಲ್ಲ ಕೇಳಿದರೆ ಆತ ಬೇಜಾರು ಮಾಡಿಕೊಳ್ಳುತ್ತಾನೇನೋ ಎಂದು ನಿನಗೆ ಸಂಕೋಚ ಆಗುತ್ತದೆ, ನನಗೆ ಗೊತ್ತು. ನಿನ್ನ ಸ್ವಭಾವವೇ ಅದು. ಸರಿಯಾದ ಮನುಷ್ಯ ಇದಕ್ಕೆ ಬೇಜಾರು ಮಾಡುವುದಿಲ್ಲ ಕಣಮ್ಮ. ಆ ಬಿಳಿ ಕಾರಿನ ನಂತರ ನಾನು ಕೊಂಡ ಕಾರಿನ ಮಾಲೀಕರಿಗೆ ಇದೇ ಚೀಟಿ ತೋರಿಸಿದೆ. ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು. 3 ದಿನ ಕಡಿಮೆಯಾಯಿತು, ಬ್ಯಾಂಕಿಗೆ ರಜೆ ಬಂದರೆ ಕಷ್ಟ, 5 ಮಾಡಿ ಎಂದರು. 5 ಎಂದು ತಿದ್ದಿ ಇಬ್ಬರೂ ಸಹಿ ಹಾಕಿದೆವು. ಆ ಕಾರನ್ನೇ ನಾನು ಇವತ್ತಿಗೂ ಓಡಿಸುತ್ತಿದ್ದೇನೆ.

ಶನಿವಾರ ಸಂಜೆಯೊಳಗೆ ನೋಂದಣಿ ಪತ್ರದ ಫೋಟೋ, ಚಾಸಿ ನಂಬರಿನ ಫೋಟೋ, ನೀನು ಬರೆದ ಚೀಟಿ ಮೂರನ್ನೂ ನನಗೆ ಕಳಿಸು. ಓದಿ ಫೋನ್ ಮಾಡುತ್ತೇನೆ. ಸೀಟ್ ಬೆಲ್ಟ್ ಕೊನೆಯವರೆಗೂ ಎಳೆದು ನೋಡುವುದನ್ನು ಮರೆಯಬೇಡ, ನಾಲ್ಕೂ ಕಡೆಯದು. ಅಪ್ಪ ಅಮ್ಮನಿಗೆ ನಮಸ್ಕಾರ ತಿಳಿಸು.

ಇತಿ ನಿನ್ನ ಪ್ರೀತಿಯ
ಮಾವ