ಕರ್ತೃಪದ ಯಾವುದು, ಮಾರಾಯ?

ಪ್ರೀತಿಯ ಗೆಳೆಯಾ,

ಹೋದ ವಾರ ಫೋನಿನಲ್ಲಿ ನೀನು ಕಾಲೆಳೆದೆಯಲ್ಲ, ಆಗ ನಕ್ಕು ಸುಮ್ಮನಾಗಿದ್ದೆ. "ನೀವು ಕ್ರೈಸ್ತರು ಮಾತೆತ್ತಿದರೆ ಕರ್ತನು, ಕರ್ತನು ಅಂತೀರಿ. ನಾನು ಪಾಠ ಮಾಡುವ ವ್ಯಾಕರಣದಲ್ಲಿ ಕರ್ತೃ ಅಂದರೆ ಕೆಲಸ ಮಾಡುವವನು. ನಿಮ್ಮಲ್ಲಿ ಎಲ್ಲ ಮಾಡುವವರು ನೀವೇ, ಕರ್ತ ಬರೀ ಹೆಸರಿಗೆ!" ಕನ್ನಡ ಮೇಷ್ಟ್ರ ತಮಾಷೆ ಅಂತ ಬಿಡೋಣವೆಂದರೆ ಎಂಟು ದಿನದಿಂದ ತಲೆಯಲ್ಲೇ ಕೂತಿದೆ.

ಪದದಿಂದಲೇ ಶುರು ಮಾಡುತ್ತೇನೆ, ನಿನಗೂ ಅದೇ ಇಷ್ಟ. ಬೈಬಲಿನ ಎರಡನೇ ಭಾಗವಾದ ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿರುವುದು 'ಕೂರಿಯೋಸ್', ಅಂದರೆ ಒಡೆಯ. ನಮ್ಮ ಪ್ರಾಟೆಸ್ಟೆಂಟ್ ಚರ್ಚುಗಳಲ್ಲಿ ಅದು 'ಕರ್ತ', ಕಥೋಲಿಕರ ಬಾಯಲ್ಲಿ 'ಪ್ರಭು'. ಆ ಕಾಲದಲ್ಲಿ ಆಳು ತನ್ನ ಯಜಮಾನನನ್ನು ಕೂರಿಯೋಸ್ ಅನ್ನುತ್ತಿದ್ದ. ರೋಮಿನ ಚಕ್ರವರ್ತಿಯೂ ಕೂರಿಯೋಸ್. ಯೆಹೂದ್ಯರು ಉಚ್ಚರಿಸಲು ಹೆದರುತ್ತಿದ್ದ ದೇವರ ಹೆಸರು ಬಂದಾಗಲೂ ಹಳೆ ಒಡಂಬಡಿಕೆಯ ಗ್ರೀಕ್ ಅನುವಾದದಲ್ಲಿ ಓದುತ್ತಿದ್ದದ್ದು ಇದೇ ಪದ. ಹೀಗಿರುವಾಗ, ಶಿಲುಬೆಗೆ ಹಾಕಿ ಕೊಂದ ಒಬ್ಬ ಬಡಗಿಯನ್ನು 'ಯೇಸುವೇ ಕರ್ತನು' ಅನ್ನಲು ಎಷ್ಟು ಎದೆ ಬೇಕು ನೋಡು.

ಸ್ಮುರ್ನದ ಬಿಷಪ್ ಪಾಲಿಕಾರ್ಪನ ಕಥೆ ನಿನಗೆ ಹೇಳಿದ್ದೆನೋ ಇಲ್ಲವೋ. ಸ್ಮುರ್ನ ಅಂದರೆ ಈಗಿನ ಟರ್ಕಿಯ ಇಜ್ಮಿರ್. ಸುಮಾರು ಕ್ರಿ.ಶ. 155ರಲ್ಲಿ ಆ ಮುದುಕನನ್ನು ಹಿಡಿದು ತರುವಾಗ ಅಧಿಕಾರಿಗಳು ಗಾಡಿಯಲ್ಲಿ ಪಕ್ಕ ಕೂರಿಸಿಕೊಂಡು ಪುಸಲಾಯಿಸಿದರಂತೆ. 'ಸೀಸರನೇ ಕರ್ತ', ಅಂದರೆ ಚಕ್ರವರ್ತಿಯೇ ಒಡೆಯ, ಅಂದುಬಿಟ್ಟರೆ ನಿನ್ನ ಗಂಟೇನು ಹೋಗುತ್ತೆ? ಒಪ್ಪಲಿಲ್ಲ. ಗಾಡಿಯಿಂದ ಇಳಿಸುವ ಗಡಿಬಿಡಿಯಲ್ಲಿ ದಬ್ಬಿದರು, ಕಾಲು ತರಚಿತು. ಆಮೇಲೆ ಎಲ್ಲರೆದುರು ಯೇಸುವನ್ನು ಬೈ ಅಂದಾಗ ಅವನು ಹೇಳಿದ್ದಿಷ್ಟು: 86 ವರ್ಷ ಆತನ ಸೇವೆ ಮಾಡಿದ್ದೇನೆ, ಆತ ನನಗೊಂದು ಕೇಡೂ ಮಾಡಿಲ್ಲ, ಈಗ ಹೇಗೆ ಬೈಯಲಿ? ಸುಡಲು ಕಟ್ಟಿದರು. ನನಗೆ ಮಾತ್ರ ಬೆಂಕಿಗಿಂತ ಆ ಗಾಡಿಯೇ ಜಾಸ್ತಿ ಕಾಡುತ್ತೆ. ಎಷ್ಟು ನಯವಾಗಿ ಕೇಳಿದರು, ಅಲ್ವಾ?

ನಮ್ಮಜ್ಜ ಗೇಣಿ ಒಕ್ಕಲು. ಭಾನುವಾರ ಚರ್ಚಿನಲ್ಲಿ 'ಕರ್ತನೇ', ಸೋಮವಾರ ಗೇಣಿ ಅಕ್ಕಿ ಹೊತ್ತುಕೊಂಡು ಹೋಗಿ ಅಂಗಳದಲ್ಲಿ ನಿಂತು 'ಧಣಿಗಳೇ'. ಅಲ್ಲಿ ಅವರಿಗೆ ನೀರು ಕೊಡುತ್ತಿದ್ದದ್ದು ಗೆರಟೆಯಲ್ಲಿ, ತೆಂಗಿನ ಚಿಪ್ಪಿನಲ್ಲಿ. 1974ರ ಭೂಸುಧಾರಣೆ ಬಂತು, ಡಿಕ್ಲರೇಶನ್ ಕೊಟ್ಟರು, ಗದ್ದೆ ನಮ್ಮದಾಯಿತು. ಆದರೂ ಅಜ್ಜ ಸಾಯುವ ತನಕ ಆ ಮನೆಯ ಸಣ್ಣ ಹುಡುಗನನ್ನೂ ಧಣಿ ಅಂತಲೇ ಕರೆದರು. ಬಾಯಿಗೆ ರೂಢಿ, ಏನು ಮಾಡೋದು.

ಯೇಸುವಿನ ಒಡೆತನ ಆ ಅಂಗಳದ ತರದ್ದಲ್ಲ. ಯೋಹಾನನ ಸುವಾರ್ತೆಯ 13ನೇ ಅಧ್ಯಾಯ ಓದು. ಕೊನೆಯ ಊಟದ ರಾತ್ರಿ ಸೊಂಟಕ್ಕೆ ಬಟ್ಟೆ ಸುತ್ತಿಕೊಂಡು, ಬೋಗುಣಿಗೆ ನೀರು ಹಾಕಿ, ಶಿಷ್ಯರ ಕಾಲು ತೊಳೆದ. ತೊಳೆದ ಮೇಲೆ 'ನಾನು ಕರ್ತನಲ್ಲ' ಅನ್ನಲಿಲ್ಲ ಮಾರಾಯ! ನೀವು ಹಾಗೆ ಕರೆಯುವುದು ಸರಿಯೇ, ಅಂಥ ನಾನೇ ತೊಳೆದಿರುವಾಗ ನೀವೂ ಒಬ್ಬರ ಕಾಲನ್ನೊಬ್ಬರು ತೊಳೆಯಬೇಕು ಅಂದ. ಶುಭ ಶುಕ್ರವಾರದ ಹಿಂದಿನ ಸಂಜೆ ಎಷ್ಟೋ ಚರ್ಚುಗಳಲ್ಲಿ ಇದನ್ನು ಮಾಡುತ್ತಾರೆ. ಒಂದು ಸಲ ನನ್ನನ್ನೂ ಕೂರಿಸಿದ್ದರು. ನಾನು ಮನೆಯಲ್ಲೇ ಸೋಪು ಹಾಕಿ ತಿಕ್ಕಿ ತೊಳೆದುಕೊಂಡು ಹೋಗಿದ್ದೆ!

1934ರಲ್ಲಿ ಜರ್ಮನಿಯ ಬಾರ್ಮೆನ್‌ನಲ್ಲಿ, ಹಿಟ್ಲರನ ಕಡೆಗೆ ವಾಲಿದ ಚರ್ಚಿನವರನ್ನು ಒಪ್ಪದವರು ಸೇರಿ ಒಂದು ಘೋಷಣೆ ಹೊರಡಿಸಿದರು. ಹೆಚ್ಚಿನಂಶ ಬರೆದದ್ದು ದೇವಶಾಸ್ತ್ರಜ್ಞ ಕಾರ್ಲ್ ಬಾರ್ತ್. ಬದುಕಿನ ಯಾವುದೋ ಭಾಗ ಯೇಸುವಿನದ್ದಲ್ಲ, ಬೇರೆ ಒಡೆಯರದ್ದು ಅನ್ನುವುದು ಸುಳ್ಳು ಬೋಧನೆ ಅಂತ ಅದರಲ್ಲಿದೆ. ಓದಿ ತಲೆದೂಗಿದ್ದೆ. ಹಿಟ್ಲರ್ ನಮ್ಮ ಮನೆಗೆ ಬರುವುದಿಲ್ಲವಲ್ಲ, ತಲೆದೂಗಲು ಏನು ಕಷ್ಟ?

ನಿನ್ನ ಫೋನು ಇಟ್ಟ ಮರುದಿನ ನೀರು ಕುಡಿಯಲು ಅಡುಗೆಮನೆಗೆ ಹೋದೆ. ಸ್ಟ್ಯಾಂಡಿನಲ್ಲಿ ಲೋಟ ಇರಲಿಲ್ಲ. ಕಿಟಕಿಯಲ್ಲಿ ಒಂದು ಸ್ಟೀಲ್ ಲೋಟ ಇತ್ತು, ಫಳಫಳ ತೊಳೆದದ್ದು. ನನ್ನ ಕೈ ಅದನ್ನು ದಾಟಿ ಕಪಾಟಿಗೆ ಹೋಯಿತು. ಅದು ನಮ್ಮ ಮನೆಕೆಲಸಕ್ಕೆ ಬರುವ ಅಕ್ಕನ ಲೋಟ. ಮುಟ್ಟಬಾರದು ಅಂತ ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ಗೆರಟೆಯಲ್ಲಿ ಕುಡಿದ ಅಜ್ಜನ ಮೊಮ್ಮಗ ನಾನು. ಈಗ ನೀನೇ ಹೇಳು, 'ಕೈ ದಾಟಿ ಹೋಯಿತು' ಅನ್ನುವ ಈ ವಾಕ್ಯದಲ್ಲಿ ಕರ್ತೃಪದ ಯಾವುದು? ಕೈ ಅಂತ ನಿನ್ನ ಮಕ್ಕಳು ಬರೆದರೆ ಮಾರ್ಕು ಕೊಡುತ್ತೀ. ನನಗೆ ಕೊಡಬೇಡ.

ಲೋಟವನ್ನು ಒಳಗಿನ ಲೋಟಗಳ ಜೊತೆ ಸೇರಿಸಿಟ್ಟೆ. ದೊಡ್ಡ ಕೆಲಸ ಮಾಡಿದೆ ಅಂದುಕೊಂಡೆ. ಮರುದಿನ ಅವರು ಬಂದು ಕಿಟಕಿ ನೋಡಿದರು. "ನನ್ನ ಲೋಟ ಎಲ್ಲಿ ಹೋಯ್ತು?" ಅಂತ ಹುಡುಕಾಡಿದರು. ಒಳಗಿಂದ ಬೇರೆ ಲೋಟದಲ್ಲಿ ಚಹಾ ತಂದುಕೊಟ್ಟೆ. ಕುಡಿದರು, ತೊಳೆದರು, ಕಿಟಕಿಯಲ್ಲಿಟ್ಟು ಹೋದರು. ನಾನು ಅದನ್ನು ಒಳಗೆ ತಂದಿಟ್ಟೆ. ನಿನ್ನೆಯೂ ಹಾಗೇ, ಇವತ್ತೂ ಹಾಗೇ.

ದಸರಾ ರಜೆಯಲ್ಲಿ ಬರುತ್ತೇನೆ ಅಂತ ನೀನು ಅಂದಿದ್ದೆ, ಮರೆಯಬೇಡ.

ಇಂತಿ,
ನಿನ್ನ ಗೆಳೆಯ