ಹುಮನಾಬಾದ್ ರಸ್ತೆಯ ಆ ಮೆಕ್ಯಾನಿಕ್ ಅಣ್ಣನಿಗೆ

ಕಲಬುರಗಿ ಬಿಸಿಲಲ್ಲಿ ಅಪ್ಪನ 2007ರ ಕಾರು ಬಿಳಿ ಹೊಗೆ ಬಿಟ್ಟು ನಿಂತಿತು. ಒಂದು ಗ್ಯಾರೇಜಿನವರು ನೋಡಿದ ಕೂಡಲೇ 'ಎಂಜಿನ್ ಹೋಗಿದೆ, ಗುಜರಿಗೆ ಹಾಕಿ' ಅಂದರು. ಅಪ್ಪ ಈಗಿಲ್ಲ. ಅಳು ಬಂತು.

ನೀವು ಮೊದಲು ನನಗೆ ನೀರು ಕೊಟ್ಟಿರಿ. ಆಮೇಲೆ ಎಂಜಿನ್ ಆಯಿಲ್ ನೋಡುವ ಕಡ್ಡಿ, ಡಿಪ್‌ಸ್ಟಿಕ್, ಎಳೆದು ತೋರಿಸಿದಿರಿ. ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿತ್ತು. 'ಆಯಿಲ್‌ನ್ಯಾಗ ನೀರು ಸೇರ್ಯದ್ರಿ. ಬಿಚ್ಚಿ ನೋಡ್ತೀನಿ. ಬ್ಲಾಕ್ ಸೀಳಿದ್ರ ನಾನೇ ಗುಜರಿಗೆ ಹಾಕ್ರಿ ಅಂತೀನಿ.' ಬ್ಲಾಕ್, ಅಂದರೆ ಎಂಜಿನ್ನಿನ ಮುಖ್ಯ ಒಡಲು, ಚೆನ್ನಾಗಿತ್ತು. ಅದರ ಮೇಲೆ ಮುಚ್ಚಳದಂತೆ ಕೂರುವ ಹೆಡ್‌ಗೆ ನೇರವಾದ ಸ್ಟೀಲ್ ಪಟ್ಟಿ ಇಟ್ಟು, ಬಾಗಿದ ಕಡೆ ಸಂದಿಯಲ್ಲಿ ಬರುವ ಬೆಳಕು ತೋರಿಸಿದಿರಿ. ಹೆಡ್ ಮಟ್ಟ ಮಾಡಿಸಿ, ಅವೆರಡರ ನಡುವೆ ಸೋರದಂತೆ ತಡೆಯುವ ಗ್ಯಾಸ್ಕೆಟ್ ಬದಲಿಸಿದಿರಿ.

ಡ್ಯಾಶ್‌ಬೋರ್ಡ್ ಮೇಲಿದ್ದ ಅಪ್ಪನ ಶರಣಬಸವೇಶ್ವರರ ಫೋಟೊ ಒರೆಸಿಟ್ಟಿದ್ದಿರಿ. ಯಾರೂ ಹೇಳಿರಲಿಲ್ಲ ಅಲ್ವಾ?

ನಿಮ್ಮ ಹೆಸರು ಕೇಳುವುದನ್ನೇ ಮರೆತೆ ಅಣ್ಣ. ನಿನ್ನೆ ಅಮ್ಮನನ್ನು ಅದೇ ಕಾರಿನಲ್ಲಿ ಗಾಣಗಾಪುರಕ್ಕೆ ಕರೆದುಕೊಂಡು ಹೋಗಿ ಬಂದೆ.